ಕಾಯುವುದೂ ಓದುವುದೂ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪಾಠ, ಪರೀಕ್ಷೆ, ಪದವಿ. ಇವು ಯಾವುವೂ ಇಲ್ಲದ ಸಂಶೋಧನಾಲಯವೊಂದು ಅದರ ಮೂಲೆಯಲ್ಲಿ ಇರುವುದುಂಟು. ಅದನ್ನು ಕಂಡವರು ಕೇಳುವ ಮೊದಲ ಮಾತು, “ಇದರಿಂದ ಯಾರಿಗೇನು ಪ್ರಯೋಜನ?” ಎಂದು. ಇದು ತೆರಿಗೆ ಕೊಡುವವನ ಪ್ರಶ್ನೆ, ಅರಸಿಕತೆಯೆಂದು ತಳ್ಳಿಹಾಕುವಂತಿಲ್ಲ. ಹಸಿದವರಿರುವ ನಾಡಿನಲ್ಲಿ ಓಲೆಗರಿಗೆ ಎಣ್ಣೆ ಸವರುತ್ತ ಕೂರುವುದಕ್ಕೆ ಸಮಾಧಾನ ಹೇಳಲೇಬೇಕು.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೋಡೋಣ. 1891ರಲ್ಲಿ ಸರ್ಕಾರದ ಪ್ರಾಚ್ಯ ಗ್ರಂಥಾಲಯವಾಗಿ ಹುಟ್ಟಿ, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಅದರ ಅಂಗವಾದ ಸಂಸ್ಥೆ ಅದು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದು ಅಲ್ಲಿ ಒಪ್ಪಿಸಿದರು. ಗ್ರಂಥಲಿಪಿಯಲ್ಲಿದ್ದ ಆ ಕಟ್ಟನ್ನು ಬಿಚ್ಚಿ ಓದಿದವರು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಅದು ಕೌಟಿಲ್ಯನ ‘ಅರ್ಥಶಾಸ್ತ್ರ’. ಅನ್ಯ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ವಿದ್ವಾಂಸರಿಗೆ ಪರಿಚಿತವಾಗಿದ್ದ ಕೃತಿ. 1909ರಲ್ಲಿ ಮೂಲವೂ 1915ರಲ್ಲಿ ಶಾಸ್ತ್ರಿಗಳ ಇಂಗ್ಲಿಷ್ ಅನುವಾದವೂ ಅಚ್ಚಾದವು. ಪ್ರಾಚೀನ ಭಾರತೀಯರಿಗೆ ಪರಲೋಕದ ಚಿಂತೆಯೇ ಹೊರತು ರಾಜ್ಯಾಡಳಿತದ ವಿಚಾರ ತಿಳಿಯದೆಂಬ ಮಾತಿಗೆ ಆಮೇಲೆ ಬೆಲೆ ಉಳಿಯಲಿಲ್ಲ.

1891ರಲ್ಲಿ ಹಣ ಮಂಜೂರು ಮಾಡಿದವರನ್ನು ಪ್ರಯೋಜನವೇನೆಂದು ಕೇಳಿದ್ದರೆ ಅವರು ಈ ಗ್ರಂಥದ ಹೆಸರು ಹೇಳಬಲ್ಲವರಾಗಿದ್ದರೆ? ಇಲ್ಲ. ಫಲವನ್ನು ಎಣಿಸಿ ಹೂಡುವ ಹಣ ವ್ಯಾಪಾರಕ್ಕೆ ಸಲ್ಲುತ್ತದೆ. ಹಿಂದಿನವರಿಂದ ಪಡೆದದ್ದನ್ನು ಮುಂದಿನವರಿಗೆ ದಾಟಿಸುವುದು ಋಣ; ಅದಕ್ಕೆ ಲಾಭದ ಲೆಕ್ಕ ಹೊಂದದು.

ಇಷ್ಟಕ್ಕೇ ಸಂಶೋಧನಾಲಯಗಳು ಹಿಗ್ಗಬೇಕಾಗಿಲ್ಲ. ಗರಿ ಬಂದು ಬೀರು ಸೇರಿದ್ದೇ ಆಗಿದ್ದರೆ ಅದು ಉಳಿದಂತಾಗುತ್ತಿರಲಿಲ್ಲ. ಮನೆಯ ಅಟ್ಟದ ಮೇಲೆ ಬೇಗ ಹುಳು ಹಿಡಿಯುವುದು ಬೀರುವಿನಲ್ಲಿ ತಡವಾಗಿ ಹಿಡಿಯುತ್ತದೆ, ಅಷ್ಟೆ. ಅದನ್ನು ನಿಜವಾಗಿ ಉಳಿಸಿದ್ದು ಆ ಲಿಪಿಯನ್ನೂ ಆ ಭಾಷೆಯನ್ನೂ ಬಲ್ಲ ಒಬ್ಬರ ಕಣ್ಣು; ಜೊತೆಗೆ, ಕಂಡದ್ದನ್ನು ಅಚ್ಚುಮಾಡಿ ಎಲ್ಲರ ಕೈಗಿಟ್ಟ ಅವರ ಔದಾರ್ಯ. ತಜ್ಞನು ಜ್ಞಾನದ ಒಡೆಯನಲ್ಲ, ಧರ್ಮದರ್ಶಿ. ಓದಲಾರದ ನಮ್ಮೆಲ್ಲರ ಪರವಾಗಿ ಅವನು ಓದುತ್ತಾನೆ. ಓದಿದ್ದನ್ನು ಒಪ್ಪಿಸದೆ ಬಚ್ಚಿಟ್ಟರೆ, ದೇವರ ಒಡವೆಯನ್ನು ಮನೆಗೊಯ್ದಂತೆಯೇ.

1966ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆಂದೇ ಅಧ್ಯಯನ ಸಂಸ್ಥೆ ಹುಟ್ಟಿತು. ಈಗ ಗರಿಗಳ ಚಿತ್ರ ತೆಗೆದು ಗಣಕಯಂತ್ರದಲ್ಲಿ ಇಡಬಹುದು, ಒಳ್ಳೆಯದೇ ಆಯಿತು. ಆದರೆ ಚಿತ್ರಕ್ಕೂ ಓದುವವರು ಬೇಡವೇ? ಹಳಗನ್ನಡವನ್ನು ಅಚ್ಚಿನಲ್ಲಿಯೇ ತಡವರಿಸಿ ಓದುವ ವಿದ್ಯಾರ್ಥಿಗಳನ್ನು ನಾನು ದಿನವೂ ತರಗತಿಯಲ್ಲಿ ಕಾಣುತ್ತೇನೆ. ತಪ್ಪು ಅವರದೆನ್ನಲಾರೆ. ನಮ್ಮ ಭಾಷೆಯ ಪ್ರಾಚೀನತೆಯನ್ನು ಸಭೆಯಲ್ಲಿ ಕೊಂಡಾಡುವ ನಾವೇ, ಮನೆಯ ಹುಡುಗ ಗ್ರಂಥಸಂಪಾದನೆ ಕಲಿಯುತ್ತೇನೆಂದರೆ ಹೌಹಾರುತ್ತೇವೆ, ಹೊಟ್ಟೆಪಾಡಿಗೇನೆಂದು ಕೇಳುತ್ತೇವೆ. ಆ ಭಯ ಸುಳ್ಳಲ್ಲ. ಆದರೆ ಕಟ್ಟಡಕ್ಕೆ ಹಣ ಕೊಟ್ಟು ಓದುವವನಿಗೆ ಅನ್ನ ಕೊಡದ ಸಮಾಜ, ಪ್ರಯೋಜನವೇನೆಂಬ ಪ್ರಶ್ನೆಯನ್ನು ಸಂಶೋಧನಾಲಯಕ್ಕೆ ಹಾಕುವ ಮೊದಲು ತನಗೇ ಹಾಕಿಕೊಳ್ಳಬೇಕು.