ದೈವ, ಯುಕ್ತಿ, ಸತ್ತ್ವ: ಚಿಕಿತ್ಸೆಯ ಮೂರು ನೆಲೆಗಳು

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹನ್ನೊಂದನೆಯದಾದ ತಿಸ್ರೈಷಣೀಯ ಅಧ್ಯಾಯವು ವೈದ್ಯಗ್ರಂಥದ ಭಾಗವಾಗಿದ್ದರೂ ಮನುಷ್ಯನ ಮೂರು ಬಯಕೆಗಳ ವಿಚಾರದಿಂದ ಆರಂಭವಾಗುತ್ತದೆ. ಬದುಕಿ ಉಳಿಯಬೇಕೆಂಬ ಪ್ರಾಣೈಷಣೆ, ಬದುಕಿಗೆ ಬೇಕಾದುದನ್ನು ಗಳಿಸಬೇಕೆಂಬ ಧನೈಷಣೆ, ಸತ್ತ ಬಳಿಕವೂ ಸದ್ಗತಿ ದೊರೆಯಬೇಕೆಂಬ ಪರಲೋಕೈಷಣೆ ಎಂಬ ಈ ಮೂರರಲ್ಲಿ ಮೊದಲನೆಯದಕ್ಕೇ ಅಗ್ರಸ್ಥಾನವೆಂದು ಅಧ್ಯಾಯವು ಹೇಳುತ್ತದೆ, ಏಕೆಂದರೆ ಪ್ರಾಣ ಹೋದರೆ ಉಳಿದೆರಡಕ್ಕೂ ಆಧಾರವಿರುವುದಿಲ್ಲ. ಮೂರನೆಯ ಬಯಕೆಯ ಬಗ್ಗೆ ಜನರಲ್ಲಿ ಸಂಶಯವಿದೆಯೆಂಬುದನ್ನು ಗ್ರಂಥವು ಮರೆಮಾಚುವುದಿಲ್ಲ. ಆ ಸಂಶಯವನ್ನು ಪರೀಕ್ಷಿಸುವ ನೆಪದಲ್ಲಿ ನಿಜವಾದ ಅರಿವು ಯಾವ ಮಾರ್ಗಗಳಿಂದ ದೊರೆಯುತ್ತದೆ ಎಂಬ ತತ್ತ್ವವಿಚಾರವನ್ನೇ ಕೈಗೆತ್ತಿಕೊಂಡು, ಮುಂದೆ ಅದೇ ಅಧ್ಯಾಯದಲ್ಲಿ ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪರಲೋಕದ ಪ್ರಶ್ನೆ, ಜ್ಞಾನದ ಪ್ರಶ್ನೆ ಮತ್ತು ಔಷಧದ ಪ್ರಶ್ನೆ ಒಂದೇ ಅಧ್ಯಾಯದಲ್ಲಿ ಕೂಡಿಬಂದಿರುವುದರಿಂದ, ದೇವರ ಮೇಲಿನ ನಂಬಿಕೆ, ಮನೆಮದ್ದು ಮತ್ತು ಆಧುನಿಕ ವೈದ್ಯ ಇವುಗಳ ಸಂಬಂಧವನ್ನು ಕುರಿತು ಯೋಚಿಸುವವರಿಗೆ ಇದು ಇಂದಿಗೂ ಒಂದು ಗಟ್ಟಿಯಾದ ಆಧಾರವನ್ನು ಒದಗಿಸುತ್ತದೆ.

ಆ ಮೂರು ಬಗೆಗಳಲ್ಲಿ ಮೊದಲನೆಯದು ದೈವವ್ಯಪಾಶ್ರಯ, ಎಂದರೆ ದೈವವನ್ನು ಆಶ್ರಯಿಸಿದ ಚಿಕಿತ್ಸೆ. ಮಂತ್ರ, ಮಣಿಧಾರಣೆ, ಮಂಗಳಕಾರ್ಯ, ಬಲಿ, ಹೋಮ, ವ್ರತನಿಯಮ, ಪ್ರಾಯಶ್ಚಿತ್ತ, ಉಪವಾಸ, ತೀರ್ಥಯಾತ್ರೆ ಮುಂತಾದುವು ಇದರಲ್ಲಿ ಸೇರುತ್ತವೆ. ಎರಡನೆಯದಾದ ಯುಕ್ತಿವ್ಯಪಾಶ್ರಯವು ರೋಗದ ಕಾರಣಗಳನ್ನು ವಿವೇಚಿಸಿ ಆಹಾರವನ್ನೂ ಔಷಧದ್ರವ್ಯಗಳನ್ನೂ ತಕ್ಕಂತೆ ಯೋಜಿಸುವ ಚಿಕಿತ್ಸೆ. ಮೂರನೆಯದಾದ ಸತ್ತ್ವಾವಜಯದಲ್ಲಿ ಸತ್ತ್ವವೆಂದರೆ ಮನಸ್ಸು. ಅದನ್ನು ಅಹಿತವಾದ ವಿಷಯಗಳಿಂದ ಹಿಂದಕ್ಕೆ ಸೆಳೆದು ನಿಲ್ಲಿಸುವುದು ಇದರ ಸ್ವರೂಪ. ಈ ವಿಂಗಡಣೆಯಲ್ಲಿ ಮನೆಮದ್ದಿಗೆ ಪ್ರತ್ಯೇಕ ಸ್ಥಾನವಿಲ್ಲ. ಜ್ವರಕ್ಕೆ ಮೆಣಸಿನ ಕಷಾಯ, ಮಗುವಿನ ಕೆಮ್ಮಿಗೆ ದೊಡ್ಡಪತ್ರೆಯ ರಸ, ಅಜೀರ್ಣಕ್ಕೆ ಜೀರಿಗೆ ಮತ್ತು ಶುಂಠಿ ಕೊಡುವಾಗ ಮನೆಯ ಹಿರಿಯರು ಮಾಡುವುದು ದ್ರವ್ಯಯೋಜನೆಯೇ ಆದ್ದರಿಂದ, ಉದ್ದೇಶದ ದೃಷ್ಟಿಯಿಂದ ಮನೆಮದ್ದು ಎರಡನೆಯ ಬಗೆಗೇ ಸೇರಬೇಕಾಗುತ್ತದೆ, ಆದರೆ ಅದನ್ನು ಒಪ್ಪಿಕೊಳ್ಳುವ ರೀತಿ ಬಹುಮಟ್ಟಿಗೆ ಹಿರಿಯರ ಮಾತಿನ ಮೇಲಿನ ವಿಶ್ವಾಸವನ್ನು ಅವಲಂಬಿಸಿರುತ್ತದೆ.

ಇಲ್ಲಿ ಎರಡನೆಯ ಬಗೆಗೆ ಹೆಸರು ಕೊಟ್ಟ ಯುಕ್ತಿ ಎಂಬ ಪರಿಕಲ್ಪನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಿನಬಳಕೆಯ ಕನ್ನಡದಲ್ಲಿ ಉಪಾಯ, ಜಾಣ್ಮೆ ಎಂಬ ಅರ್ಥವಿರುವ ಈ ಪದವು ಚರಕನಲ್ಲಿ ಒಂದು ಪ್ರಮಾಣದ, ಅಂದರೆ ನಿಜವಾದ ಅರಿವನ್ನು ತರುವ ಸಾಧನದ, ಹೆಸರಾಗಿದೆ. ನಂಬಿಕೆಗೆ ಅರ್ಹರಾದವರ ಮಾತಾದ ಆಪ್ತೋಪದೇಶ, ಇಂದ್ರಿಯಗಳಿಂದ ದೊರೆಯುವ ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ಊಹಿಸುವ ಅನುಮಾನ ಇವುಗಳ ಜೊತೆಗೆ ಯುಕ್ತಿಯನ್ನು ನಾಲ್ಕನೆಯದಾಗಿ ಈ ಅಧ್ಯಾಯವು ಎಣಿಸುತ್ತದೆ. ಅನೇಕ ಕಾರಣಗಳು ಒಂದುಗೂಡಿದಾಗ ಹುಟ್ಟುವ ಕಾರ್ಯವನ್ನು ಆ ಕಾರಣಗಳ ಕೂಟದ ಮೂಲಕವೇ ಅರಿಯುವ ಬುದ್ಧಿ ಯುಕ್ತಿ. ನೀರು, ಉಳುಮೆ, ಬೀಜ, ಋತು ಈ ನಾಲ್ಕೂ ಕೂಡಿದರೆ ಬೆಳೆ ಬರುತ್ತದೆಯೆಂಬ ಅರಿವು ಗ್ರಂಥವೇ ಕೊಡುವ ಉದಾಹರಣೆ. ಇವುಗಳಲ್ಲಿ ಯಾವ ಒಂದನ್ನೂ ಬೆಳೆಯ ಕಾರಣವೆಂದು ಬಿಡಿಯಾಗಿ ತೋರಿಸಲಾಗದು, ಯಾವ ಒಂದನ್ನೂ ಬಿಡಲೂ ಆಗದು. ವೈದ್ಯ, ಔಷಧ, ಶುಶ್ರೂಷೆ ಮಾಡುವವರು, ರೋಗಿ ಎಂಬ ಚಿಕಿತ್ಸೆಯ ನಾಲ್ಕು ಪಾದಗಳು ಗುಣಸಂಪನ್ನವಾಗಿ ಕೂಡಿದಾಗ ರೋಗ ಶಮನವಾಗುತ್ತದೆಯೆಂಬುದನ್ನೂ ಅದೇ ಸಾಲಿನಲ್ಲಿ ಇಡಲಾಗಿದೆ.

ಯುಕ್ತಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದವರೂ ಇದ್ದರು. ಎಂಟನೆಯ ಶತಮಾನದ ಬೌದ್ಧ ದಾರ್ಶನಿಕ ಶಾಂತರಕ್ಷಿತನು ತತ್ತ್ವಸಂಗ್ರಹದಲ್ಲಿ ಇದನ್ನು ಎತ್ತಿಕೊಂಡು ನಿರಾಕರಿಸಿದ್ದಾನೆ, ಮತ್ತು ಚರಕಸಂಹಿತೆಯೇ ಬೇರೆಡೆ ಮೂರು ಪ್ರಮಾಣಗಳನ್ನಷ್ಟೇ ಹೇಳಿ ಅನುಮಾನವು ಯುಕ್ತಿಯನ್ನು ಅವಲಂಬಿಸಿದ ತರ್ಕವೆಂದು ವಿವರಿಸುತ್ತದೆ. ಎಣಿಕೆಯ ಈ ವಾದ ದಾರ್ಶನಿಕರಿಗೆ ಸೇರಿದ್ದು; ವೈದ್ಯಕ್ಕೆ ಮುಖ್ಯವಾದುದು ಇದರಿಂದ ಹೊರಡುವ ಎಚ್ಚರ. ಗುಣವಾಗುವಿಕೆಗೆ ಕಾರಣಗಳು ಹಲವು ಇರುವಾಗ, ಒಂದು ಕ್ರಿಯೆಯ ಬಳಿಕ ರೋಗಿ ಚೇತರಿಸಿಕೊಂಡನೆಂಬ ಮಾತ್ರಕ್ಕೆ ಆ ಕ್ರಿಯೆಯೇ ಚೇತರಿಕೆಯ ಕಾರಣವೆಂದು ತೀರ್ಮಾನಿಸುವಂತಿಲ್ಲ.

ಹಾಗಾದರೆ ಚರಕನು ದೈವಕ್ಕೆ ಜಾಗ ಕೊಟ್ಟದ್ದೇಕೆ ಎಂಬ ಪ್ರಶ್ನೆ ಏಳುತ್ತದೆ. ದೇವೀಪ್ರಸಾದ ಚಟ್ಟೋಪಾಧ್ಯಾಯರು 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಯುಕ್ತಿಯೇ ಆಯುರ್ವೇದದ ತಿರುಳೆಂದೂ, ಧಾರ್ಮಿಕ ಭಾಗಗಳು ಅಂದಿನ ಪುರೋಹಿತಶಾಹಿಯ ಒತ್ತಡಕ್ಕೆ ಮಣಿದು ಸೇರಿಸಿದವೆಂದೂ ವಾದಿಸಿದರು. ಈ ವಾದದಲ್ಲಿ ಬಲವಿದ್ದರೂ ಅದು ಗ್ರಂಥದ ಧೋರಣೆಯನ್ನು ತುಸು ಸರಳಗೊಳಿಸುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆಯುಸ್ಸು ಮೊದಲೇ ನಿಶ್ಚಿತವಾಗಿದೆಯೇ ಎಂಬ ಪ್ರಶ್ನೆಗೆ ಉತ್ತರಿಸುವಾಗ, ಎಲ್ಲರ ಆಯುಸ್ಸೂ ನಿಶ್ಚಿತವಾಗಿದ್ದರೆ ದೀರ್ಘಾಯುಸ್ಸನ್ನು ಬಯಸಿ ಮಂತ್ರ, ಔಷಧಿ, ಹೋಮಗಳನ್ನು ಯಾರೂ ಆಶ್ರಯಿಸುತ್ತಿರಲಿಲ್ಲ, ಮದವೇರಿದ ಆನೆಯಿಂದ ಯಾರೂ ದೂರ ಸರಿಯುತ್ತಿರಲಿಲ್ಲ ಎಂದು ಗ್ರಂಥವು ವಾದಿಸುತ್ತದೆ. ಅಲ್ಲಿ ದೈವವೆಂದರೆ ಹಿಂದಿನ ಜನ್ಮದಲ್ಲಿ ತಾನೇ ಮಾಡಿದ ಕರ್ಮ, ಪುರುಷಕಾರವೆಂದರೆ ಈ ಜನ್ಮದಲ್ಲಿ ಮಾಡುವ ಪ್ರಯತ್ನ. ದುರ್ಬಲವಾದ ದೈವವನ್ನು ಪ್ರಬಲವಾದ ಪ್ರಯತ್ನವು ಹಿಮ್ಮೆಟ್ಟಿಸಬಲ್ಲದು. ದೈವವನ್ನು ನಂಬಿದವರಿಗೂ ಕೈಕಟ್ಟಿ ಕೂರಲು ಇದು ಎಡೆಗೊಡುವುದಿಲ್ಲ.

ಕರ್ನಾಟಕದ ಮನೆಗಳಲ್ಲಿ ಈ ಎಲ್ಲ ನೆಲೆಗಳೂ ಒಂದೇ ದೇಹದ ಮೇಲೆ ಕೂಡುವ ರೋಗವೆಂದರೆ ಸರ್ಪಸುತ್ತು. ಬೆನ್ನಿನಿಂದ ಎದೆಯತ್ತ ಪಟ್ಟಿಯಾಗಿ ಹಬ್ಬುವ ಉರಿಗುಳ್ಳೆಗಳನ್ನು ನಾಗದೋಷದ ಫಲವೆಂದು ಬಗೆದು ನಾಗನಿಗೆ ಹಾಲೆರೆಯುವವರೂ, ಕುಕ್ಕೆ ಸುಬ್ರಹ್ಮಣ್ಯದ ಮೃತ್ತಿಕೆಯ ಪ್ರಸಾದವನ್ನು ಹಚ್ಚಿಕೊಳ್ಳುವವರೂ, ಕೆಮ್ಮಣ್ಣನ್ನು ಕಲಸಿ ಲೇಪಿಸುವವರೂ ಇದ್ದಾರೆ. ಸರ್ಪದ ತಲೆ ಮತ್ತು ಬಾಲ ಕೂಡಿದರೆ ಜೀವಕ್ಕೆ ಅಪಾಯವೆಂಬ ಭಯವೂ ವ್ಯಾಪಕವಾಗಿದೆ. ಆಧುನಿಕ ವೈದ್ಯದ ಪ್ರಕಾರ ಹಿಂದೆಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರಗಂಟುಗಳಲ್ಲಿ ಅಡಗಿದ್ದು, ದೇಹದ ಪ್ರತಿರೋಧ ಕುಗ್ಗಿದಾಗ ಒಂದು ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಆ ನರ ದೇಹದ ಒಂದು ಪಾರ್ಶ್ವಕ್ಕಷ್ಟೇ ಸೇರಿದ್ದರಿಂದ ಗುಳ್ಳೆಗಳ ಸಾಲು ಸಾಮಾನ್ಯವಾಗಿ ನಡುಗೆರೆಯನ್ನು ದಾಟುವುದಿಲ್ಲ. ಹೀಗಾಗಿ ತಲೆ ಬಾಲ ಕೂಡುವ ಪ್ರಸಂಗವೇ ಬಹುಮಟ್ಟಿಗೆ ಒದಗುವುದಿಲ್ಲ. ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗುವುದರಿಂದ, ಆ ಅವಧಿಯಲ್ಲಿ ಮಾಡಿದ ಪೂಜೆಗೂ ಹಚ್ಚಿದ ಮಣ್ಣಿಗೂ ಗುಣಪಡಿಸಿದ ಕೀರ್ತಿ ಸಲ್ಲುತ್ತದೆ. ಆದರೆ ಗುಳ್ಳೆ ಎದ್ದ 72 ಗಂಟೆಗಳೊಳಗೆ ಅಸೈಕ್ಲೊವಿರ್‌ನಂಥ ವೈರಸ್ ನಿರೋಧಕ ಗುಳಿಗೆಗಳನ್ನು ಆರಂಭಿಸಿದರೆ ರೋಗದ ತೀವ್ರತೆ ಇಳಿಯುತ್ತದೆ, ಕಣ್ಣಿನ ಭಾಗದ ನರಕ್ಕೆ ತಗುಲಿದಾಗ ದೃಷ್ಟಿಯನ್ನು ಉಳಿಸಿಕೊಳ್ಳಲು ಇದು ಇನ್ನೂ ಅವಶ್ಯ. ಹಾಲೆರೆಯುವುದರಿಂದ ಯಾರಿಗೂ ಕೇಡಿಲ್ಲ. ಹಾಲೆರೆದು ಫಲಕ್ಕಾಗಿ ಕಾಯುತ್ತ ಕಳೆಯುವ ಆ ಮೂರು ದಿನಗಳಲ್ಲಿ ಕೇಡಿದೆ. ಬೆಳೆಯ ಉದಾಹರಣೆಯಲ್ಲಿ ಚರಕನು ಕೊಟ್ಟ ಪಟ್ಟಿಯ ನಾಲ್ಕನೆಯ ಅಂಶವಾದ ಋತು, ಎಂದರೆ ಕಾಲ ಎಂಬುದು ಎಷ್ಟು ನಿಷ್ಠುರವಾದ ಕಾರಣವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಋತು ತಪ್ಪಿದ ಬಿತ್ತನೆಯಂತೆ ಹೊತ್ತು ತಪ್ಪಿದ ಔಷಧವೂ ಫಲ ಕೊಡುವುದಿಲ್ಲ.

ಮನೆಮದ್ದಿನ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು. ನೆಲನೆಲ್ಲಿಯ ರಸದಿಂದ ಕಾಮಾಲೆ ಗುಣವಾಯಿತೆಂಬ ಅನುಭವ ಅಸಂಖ್ಯ ಕುಟುಂಬಗಳಲ್ಲಿ ಪ್ರಾಮಾಣಿಕವಾದುದೇ. ಆದರೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ, ಪಿತ್ತನಾಳದಲ್ಲಿ ಕಲ್ಲು ಅಥವಾ ಗಡ್ಡೆ ಅಡ್ಡಲಾಗಿ ಬಂದ ಕಾಮಾಲೆ ಹಾಗೆ ಶಮನವಾಗುವುದಿಲ್ಲ, ಮತ್ತು ಕಣ್ಣಿನ ಹಳದಿಯೊಂದನ್ನೇ ನೋಡಿ ಇವೆರಡನ್ನೂ ಬೇರ್ಪಡಿಸಲು ಮನೆಯಲ್ಲಿ ಸಾಧ್ಯವಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಭಾರತೀಯರು ಬಹುಕಾಲದಿಂದ ಬಳಸುತ್ತಿದ್ದ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಯೆಂದು ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನ ಜಗತ್ತಿನ ಗಮನ ಸೆಳೆಯಿತು; 1952ರಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅನಂತರ ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡದ್ದೂ ದಾಖಲಾಗಿ, ಉತ್ತಮ ಔಷಧಗಳು ಬಂದಂತೆ ಅದರ ಬಳಕೆ ಕುಗ್ಗಿತು. ಪರೀಕ್ಷೆಯು ಬೇರಿನ ಗುಣವನ್ನೂ ದೋಷವನ್ನೂ ಒಂದೇ ನಿಷ್ಪಕ್ಷಪಾತದಿಂದ ಹೊರತಂದಿತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳದ ಮೂಲಕ ಕೊಡುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಗ್ಲೂಕೋಸಿನ ಜೊತೆಗೆ ಸೋಡಿಯಂ ಹೀರಲ್ಪಟ್ಟು, ಅದರ ಹಿಂದೆ ನೀರೂ ಒಳಸೇರುತ್ತದೆಯೆಂಬ ಅರಿವಿಲ್ಲದೆ ಆ ಅಳತೆ ಹುಟ್ಟುತ್ತಿರಲಿಲ್ಲ, ಶುಶ್ರೂಷೆ ಮಾಡುವ ಬಂಧುಗಳಿಲ್ಲದೆ ಅದು ರೋಗಿಯ ಬಾಯಿಗೆ ತಲುಪುತ್ತಲೂ ಇರಲಿಲ್ಲ. ಚರಕನ ನಾಲ್ಕು ಪಾದಗಳಿಗೆ ಇದಕ್ಕಿಂತ ಒಳ್ಳೆಯ ಆಧುನಿಕ ನಿದರ್ಶನ ಸಿಗುವುದು ಕಷ್ಟ.

ಸತ್ತ್ವದ, ಎಂದರೆ ಮನಸ್ಸಿನ, ಪಾತ್ರವನ್ನು ಆಧುನಿಕ ವೈದ್ಯವೂ ಅಳೆದು ನೋಡಿದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಉಬ್ಬಸರೋಗಿಗಳ ಅಧ್ಯಯನವೊಂದರಲ್ಲಿ ನಿಜವಾದ ಔಷಧವಿದ್ದ ಇನ್‌ಹೇಲರನ್ನು ಪಡೆದವರೂ ಔಷಧವೇ ಇಲ್ಲದ ಇನ್‌ಹೇಲರನ್ನು ಪಡೆದವರೂ ತಮಗೆ ಹೆಚ್ಚುಕಡಿಮೆ ಸಮನಾಗಿ ಹಿತವಾಯಿತೆಂದರು. ಆದರೆ ಶ್ವಾಸಕೋಶದ ಸಾಮರ್ಥ್ಯವನ್ನು ಯಂತ್ರದಿಂದ ಅಳೆದಾಗ ಮೊದಲಿನವರಲ್ಲಿ ಅದು ಶೇಕಡ 20ರಷ್ಟು ಏರಿತ್ತು, ಎರಡನೆಯವರಲ್ಲಿ ಏನೂ ಚಿಕಿತ್ಸೆ ಪಡೆಯದವರಷ್ಟೇ, ಸುಮಾರು ಶೇಕಡ 7ರಷ್ಟು, ಏರಿತ್ತು. ಭರವಸೆಯು ಸಂಕಟವನ್ನು ನಿಜವಾಗಿಯೇ ಇಳಿಸಬಲ್ಲದು. ಕುಗ್ಗಿದ ಶ್ವಾಸನಾಳವನ್ನು ಅದು ಹಿಗ್ಗಿಸಲಾರದು. ದೇವಸ್ಥಾನದ ಮೆಟ್ಟಿಲಲ್ಲಿ, ದರ್ಗಾದ ಅಂಗಳದಲ್ಲಿ, ಚರ್ಚಿನ ಮೊಂಬತ್ತಿಯ ಮುಂದೆ ರೋಗಿಗೆ ದೊರೆಯುವ ಸಮಾಧಾನವನ್ನು ಸುಳ್ಳೆಂದು ತಳ್ಳಿಹಾಕುವವರೂ, ಆ ಸಮಾಧಾನವೇ ರೋಗನಿವಾರಣೆಯೆಂದು ಸಾರುವವರೂ ಈ ಎರಡು ಅಳತೆಗಳಲ್ಲಿ ಒಂದನ್ನು ಮಾತ್ರ ನೋಡುತ್ತಿದ್ದಾರೆ.

ಹಾವಿನ ಕಡಿತದಲ್ಲಿ ಈ ಗೊಂದಲದ ಬೆಲೆ ಪ್ರಾಣವೇ ಆಗಿದೆ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವು ಕೂಡ ಕೆಲವೊಮ್ಮೆ ವಿಷವನ್ನು ಇಳಿಸದೆಯೇ ಕಚ್ಚುತ್ತದೆ. ಆದ್ದರಿಂದ ಮಂತ್ರ ಹಾಕುವವರ ಬಳಿ ಹೋದ ಬಹಳ ಜನ ಬದುಕುತ್ತಾರೆ, ಅವರ ಮಾತಿನಿಂದ ಮಂತ್ರದ ಖ್ಯಾತಿ ಬೆಳೆಯುತ್ತದೆ, ಉಳಿಯದವರು ಸಾಕ್ಷಿ ಹೇಳಲು ಇರುವುದಿಲ್ಲ. ಕಟ್ಟುಹಾವು ಕಚ್ಚಿದರೆ ನೋವು ಊತಗಳು ಅಷ್ಟಾಗಿ ಕಾಣದೆ, ಕೆಲವು ಗಂಟೆಗಳ ಬಳಿಕ ರೆಪ್ಪೆ ಜೋತು ಉಸಿರಾಟದ ಸ್ನಾಯುಗಳೇ ಸೋಲುವುದರಿಂದ, ವಿಷ ಇಳಿಯಿತೆಂದು ನಂಬಿ ಮಲಗಿದವರು ಏಳದೆ ಹೋಗುವುದುಂಟು. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. 2024ರಲ್ಲಿ ಕರ್ನಾಟಕವು ಹಾವಿನ ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು ವಿಧಿಸಿತು. ದೈವವನ್ನು ಯುಕ್ತಿಯ ಜೊತೆಗೆ ಇಡುವುದಕ್ಕೂ ಯುಕ್ತಿಯ ಜಾಗದಲ್ಲಿ ಇಡುವುದಕ್ಕೂ ಇರುವ ಅಂತರ ಇಷ್ಟು ಕಠೋರವಾಗಿ ಬೇರೆಲ್ಲಿಯೂ ಕಾಣಿಸುವುದಿಲ್ಲ.

ಮೂರು ನೆಲೆಗಳ ನಡುವಿನ ಗೆರೆ ಎಲ್ಲ ಕಡೆಯೂ ಇಷ್ಟು ನಿಚ್ಚಳವಾಗಿಲ್ಲ ಎಂಬುದನ್ನೂ ಒಪ್ಪಬೇಕು. ಚರಕನು ದೈವವ್ಯಪಾಶ್ರಯದಲ್ಲಿ ಸೇರಿಸಿದ ಉಪವಾಸವು ದೇಹದ ಮೇಲೆ ನೇರವಾಗಿ ಪರಿಣಾಮ ಬೀರುವಂಥದು. ಏಕಾದಶಿ ಮಾಡುವ, ರಂಜಾನಿನ ರೋಜಾ ಹಿಡಿಯುವ, ಪರ್ಯೂಷಣದ ವ್ರತ ನಡೆಸುವ ಮಧುಮೇಹಿಗಳು ಎಂದಿನ ಪ್ರಮಾಣದಲ್ಲಿಯೇ ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಇಳಿಸುವ ಗುಳಿಗೆಗಳನ್ನು ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಇಲ್ಲಿ ವ್ರತವನ್ನು ಅಜ್ಞಾನವೆಂದು ಜರಿಯುವ ವೈದ್ಯನಿಗೆ ರೋಗಿ ನಿಜವನ್ನೇ ಹೇಳುವುದಿಲ್ಲ, ಹೇಳದೆ ವ್ರತ ಹಿಡಿದವನಿಗೆ ವೈದ್ಯನು ನೆರವಾಗುವುದೂ ಸಾಧ್ಯವಿಲ್ಲ. ಆದ್ದರಿಂದ ರಂಜಾನ್ ಆರಂಭವಾಗುವುದಕ್ಕೆ ಕೆಲವು ವಾರಗಳ ಮೊದಲೇ ರೋಗಿಯನ್ನು ಕಂಡು, ಮುಂಜಾವದ ಸಹರಿ ಮತ್ತು ಸಂಜೆಯ ಇಫ್ತಾರ್ ಊಟಗಳಿಗೆ ಹೊಂದುವಂತೆ ಔಷಧದ ವೇಳೆ ಮತ್ತು ಪ್ರಮಾಣವನ್ನು ಬದಲಿಸುವ ಕ್ರಮವನ್ನು ಮಧುಮೇಹತಜ್ಞರು ರೂಢಿಸಿಕೊಂಡಿದ್ದಾರೆ. ಉಪವಾಸ ತೀರ ಅಪಾಯವೆನಿಸಿದವರಿಗೆ, ಕಾಯಿಲೆಯವರು ಉಪವಾಸವನ್ನು ಬಿಡಬಹುದೆಂದು ಇಸ್ಲಾಮೇ ಕೊಟ್ಟಿರುವ ವಿನಾಯಿತಿಯನ್ನು ನೆನಪಿಸುತ್ತಾರೆ.