ಉಳಿಸಿಕೊಂಡ ಮಾತು, ಉಳಿದುಹೋದ ಮಾತು

ಕೊಟ್ಟ ಮಾತಿಗೆ ತಪ್ಪದವರನ್ನು ನಾವು ದೊಡ್ಡವರೆನ್ನುತ್ತೇವೆ. ಹಾಕಿದ ಗೆರೆ ದಾಟದವರನ್ನು ಹೊಗಳುತ್ತೇವೆ. ಆದರೆ ಗೆರೆ ಹಾಕಿದವನು ಎದ್ದುಹೋದ ಮೇಲೂ, ಗೆರೆಯ ಆಚೀಚೆ ಎಲ್ಲ ಬದಲಾದ ಮೇಲೂ ಅದನ್ನು ದಾಟದೆ ನಿಲ್ಲುವುದು ನಿಷ್ಠೆಯೇ? ಪುಣೆಯಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನನಗೆ ಈ ಪ್ರಶ್ನೆಯನ್ನು ಕೇಳಿದ್ದು ಪುರಾಣವಲ್ಲ, ಒಂದು ರೂಟರ್.

ಯಾವ ವಿಳಾಸಕ್ಕೆ ಹೋಗುವ ಮಾಹಿತಿಯನ್ನು ಯಾವ ಬಾಗಿಲಿನಿಂದ ಕಳಿಸಬೇಕು ಎಂಬ ಪಟ್ಟಿಯೊಂದು ಪ್ರತಿ ರೂಟರಿನಲ್ಲೂ ಇರುತ್ತದೆ. ಅದನ್ನು ತುಂಬಲು ಎರಡು ದಾರಿ. ಅಕ್ಕಪಕ್ಕದ ರೂಟರುಗಳ ಜೊತೆ ಮಾತಾಡಿ ಅದು ತಾನೇ ಕಲಿಯಬಹುದು. ಓಎಸ್‌ಪಿಎಫ್, ಆರ್‌ಐಪಿ ಇವೆಲ್ಲ ಹಾಗೆ ಮಾತಾಡುವ ಭಾಷೆಗಳು. ಇಲ್ಲವೇ ಮನುಷ್ಯನೇ ಕೂತು ಬರೆಯಬಹುದು: ‘ಐಪಿ ರೂಟ್ 10.20.0.0 255.255.0.0 192.168.1.2’. ಅಂದರೆ, 10.20 ಎಂದು ಶುರುವಾಗುವ ವಿಳಾಸಗಳಿಗೆ ಬಂದದ್ದನ್ನೆಲ್ಲ 192.168.1.2ರ ಕೈಗೆ ಕೊಡು. ಇದು ಸ್ಟ್ಯಾಟಿಕ್ ರೂಟ್.

ಒಂದೇ ಜಾಗಕ್ಕೆ ಎರಡು ದಾರಿ ಗೊತ್ತಾದಾಗ ಯಾರ ಮಾತು ನಂಬಬೇಕೆಂಬುದಕ್ಕೆ ಸಿಸ್ಕೊ ರೂಟರುಗಳಲ್ಲಿ ಅಂಕಿಗಳಿವೆ. ಅಂಕಿ ಸಣ್ಣದಾದಷ್ಟೂ ನಂಬಿಕೆ ಹೆಚ್ಚು. ತನಗೇ ನೇರವಾಗಿ ತಾಗಿಕೊಂಡಿರುವುದಕ್ಕೆ 0, ಮನುಷ್ಯ ಬರೆದದ್ದಕ್ಕೆ 1, ಓಎಸ್‌ಪಿಎಫ್ ಹೇಳಿದ್ದಕ್ಕೆ 110, ಆರ್‌ಐಪಿಗೆ 120. ನೆರೆಹೊರೆಯ ಮಾತಿಗಿಂತ ಮನುಷ್ಯನ ಕೈಬರಹಕ್ಕೆ ಇಷ್ಟೊಂದು ಮರ್ಯಾದೆ ಕೊಡುವ ಯಂತ್ರ ಇನ್ನೊಂದಿರಲಿಕ್ಕಿಲ್ಲ.

ಈ ಮರ್ಯಾದೆಗೆ ಕಾರಣವೂ ಇದೆ. ನೆರೆಯವರ ಮಾತನ್ನು ಸುಮ್ಮನೆ ನಂಬಿದರೆ ಏನಾಗುತ್ತದೆಂದು 2008ರ ಫೆಬ್ರವರಿ 24ರಂದು ಜಗತ್ತು ನೋಡಿತು. ಸರ್ಕಾರದ ಆದೇಶದಂತೆ ಯೂಟ್ಯೂಬನ್ನು ದೇಶದೊಳಗೆ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬಿನ 256 ವಿಳಾಸಗಳ ಒಂದು ಗುಂಪಿಗೆ ದಾರಿ ತನ್ನ ಮೂಲಕವೇ ಎಂದು ಹೊರಜಗತ್ತಿಗೂ ಸಾರಿಬಿಟ್ಟಿತು. ಪಕ್ಕದವರು ನಂಬಿದರು, ಅವರ ಪಕ್ಕದವರೂ ನಂಬಿದರು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಕೈಯಲ್ಲಿ ಬರೆದ ಸಾಲು ಇಂಥ ಗಾಳಿಮಾತಿಗೆ ಅಲುಗುವುದಿಲ್ಲ.

ಆದರೆ ಅಲುಗದಿರುವುದೇ ಅದರ ಕುರುಡು. ತನ್ನ ಬಾಗಿಲಿನ ತಂತಿಯಲ್ಲಿ ಜೀವವಿದ್ದರೆ ರೂಟರಿಗೆ ಸಾಕು. ನಡುವೆ ಒಂದು ಸ್ವಿಚ್ ಉರಿಯುತ್ತಿದ್ದರೆ, ಅದರಾಚೆಯ ಯಂತ್ರ ಸತ್ತು ವರ್ಷವಾಗಿದ್ದರೂ ಸಾಲು ಪಟ್ಟಿಯಲ್ಲೇ ಇರುತ್ತದೆ. ಕಳಿಸಿದ್ದೆಲ್ಲ ಮಣ್ಣುಪಾಲು.

ರಕ್ತಪರೀಕ್ಷೆ ಮಾಡುವ ಸಂಸ್ಥೆಯೊಂದರ ಹಳೆಯ ರೂಟರಿನಲ್ಲಿ ನಾನು ಇಂಥ ಸಾಲೊಂದನ್ನು ಕಂಡೆ. ಕೊನೆಯಲ್ಲಿ 200 ಎಂಬ ಅಂಕಿ: ಓಎಸ್‌ಪಿಎಫ್‌ನ ದಾರಿ ಇರುವವರೆಗೆ ಬದಿಗೆ ನಿಂತಿರು, ಅದು ಕಡಿದರೆ ಮುಂದೆ ಬಾ ಎಂದರ್ಥ. ಪಕ್ಕದಲ್ಲಿ ‘ತೆಗೆಯಬೇಡಿ’ ಎಂಬ ಹೆಸರಿಟ್ಟಿದ್ದರು. ಬರೆದವರು ಕೆಲಸ ಬಿಟ್ಟಿದ್ದರು. ಸಾಲು ತೋರಿಸುತ್ತಿದ್ದ ಬಾಡಿಗೆ ಲೈನನ್ನು ಖರ್ಚು ಉಳಿಸಲೆಂದು ಯಾವಾಗಲೋ ವಾಪಸು ಕೊಟ್ಟಾಗಿತ್ತು. ಮುಖ್ಯ ಲೈನು ಕಡಿಯದಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

‘ಇರಲಿ ಬಿಡಿ, ಯಾರಿಗೇನು ತೊಂದರೆ?’ ಎಂದರು ಜೊತೆಗಿದ್ದವರು. ಅರಿಯದ್ದನ್ನು ಕೀಳಬಾರದೆಂಬ ವಿವೇಕ ಅವರದು. ನಾನೂ ಅದನ್ನು ಗೌರವಿಸುತ್ತೇನೆ. ಅದಕ್ಕೇ ಮೊದಲು ಕಡತಗಳನ್ನೆಲ್ಲ ಹುಡುಕಿ, ಲೈನು ಇಲ್ಲವೆಂಬುದನ್ನು ಖಚಿತ ಮಾಡಿಕೊಂಡೆ. ಆಮೇಲೆ ಸಾಲನ್ನು ತೆಗೆದೆ. ಆ ಸಾಲು ಏನನ್ನೂ ಕೆಡಿಸುತ್ತಿರಲಿಲ್ಲ, ನಿಜ. ಆದರೆ ‘ನಮಗೆ ಬದಲಿ ದಾರಿ ಇದೆ’ ಎಂದು ಇಡೀ ಆಫೀಸು ನೆಮ್ಮದಿಯಿಂದಿದ್ದದ್ದು ಅದನ್ನು ನಂಬಿ. ನಡುರಾತ್ರಿ ರೋಗಿಯೊಬ್ಬರ ವರದಿಗಾಗಿ ವೈದ್ಯರು ಕಾಯುವಾಗ ಮುಖ್ಯ ಲೈನು ಕಡಿದಿದ್ದರೆ, ಆ ನೆಮ್ಮದಿಯ ಬೆಲೆ ಗೊತ್ತಾಗುತ್ತಿತ್ತು. ಬದಲಿ ದಾರಿ ಇಲ್ಲ ಎಂದು ಬರೆದುಕೊಟ್ಟ ಮೇಲೇ ಹೊಸ ಲೈನಿನ ಮಾತು ಶುರುವಾದದ್ದು.

ಬರೆದವರು ಸುಳ್ಳುಗಾರರೇ? ಅಲ್ಲ. ಬರೆದ ದಿನ ಅದು ನಿಜವಾಗಿತ್ತು. ಯಾರೂ ಸುಳ್ಳು ಹೇಳದೆಯೇ ಒಂದು ನಿಜ ಸುಳ್ಳಾಗಿತ್ತು, ನೋಡಿಕೊಳ್ಳುವವರಿಲ್ಲದೆ. ಪುಣ್ಯಕೋಟಿಯ ಕಥೆಯನ್ನು ನಾವು ಮಾತಿನ ಮಹಿಮೆ ಎಂದು ಓದುತ್ತೇವೆ. ಆದರೆ ಅಲ್ಲಿ ಮಾತು ತಾನೇ ನಿಂತಿರಲಿಲ್ಲ; ಕರುವನ್ನು ಬಿಟ್ಟು ಹುಲಿಯ ಗವಿಯವರೆಗೆ ಹಸು ತನ್ನ ಕಾಲಲ್ಲಿ ನಡೆದು ಬಂತು. ಮಾತನ್ನು ಉಳಿಸಿಕೊಳ್ಳುವುದೆಂದರೆ ಅದು. ರೂಟರಿನಲ್ಲಿದ್ದದ್ದು ಉಳಿದುಹೋದ ಮಾತು.

ಸ್ಟ್ಯಾಟಿಕ್ ರೂಟಿಗೆ ಒಂದು ಕಾವಲು ಕಟ್ಟಬಹುದು. ಕೆಲವು ಸೆಕೆಂಡಿಗೊಮ್ಮೆ ಆಚೆಯ ಯಂತ್ರವನ್ನು ‘ಇದ್ದೀಯಾ?’ ಎಂದು ಅದು ಕೇಳುತ್ತದೆ. ಉತ್ತರ ನಿಂತರೆ ಸಾಲು ಪಟ್ಟಿಯಿಂದ ಸರಿಯುತ್ತದೆ, ಮತ್ತೆ ಬಂದರೆ ಮರಳುತ್ತದೆ. ಇದರಿಂದ ನಿಷ್ಠೆ ಸಡಿಲವಾಯಿತೆಂದು ನನಗನ್ನಿಸುವುದಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ಅಪ್ಪ ಅಮ್ಮನ ಖಾತೆಗೆ ತಿಂಗಳಿಗೊಮ್ಮೆ ಹಣ ತಾನೇ ಹೋಗುವಂತೆ ಬ್ಯಾಂಕಿಗೆ ಹೇಳಿಟ್ಟಿರುತ್ತೇವೆ. ಹಣ ತಪ್ಪದೆ ಹೋಗುತ್ತದೆ. ಈಗ ಅವರಿಗೆ ಬೇಕಾಗಿರುವುದು ಹಣವೋ, ಔಷಧಿ ತಂದುಕೊಡುವ ಒಂದು ಜೀವವೋ ಎಂಬುದು ಫೋನು ಮಾಡಿ ಕೇಳಿದರೇ ತಿಳಿಯುವುದು.

ಈಗ ನಮ್ಮ ತಂಡದಲ್ಲಿ ಇಂಥ ಸಾಲು ಬರೆಯುವವರು ಜೊತೆಗೆ ತಮ್ಮ ಹೆಸರು, ಕಾರಣ, ಮತ್ತೆ ನೋಡಬೇಕಾದ ತಿಂಗಳು ಬರೆಯುತ್ತಾರೆ. ಕೆಲಸ ಬಿಡುವವರು ತಮ್ಮ ಸಾಲುಗಳನ್ನು ಇನ್ನೊಬ್ಬರ ಹೆಸರಿಗೆ ಒಪ್ಪಿಸಿ ಹೋಗಬೇಕು.