ಪುಟ್ಟ ನಾಯಿಯೂ ಅಹಿಂಸಾಣುವ್ರತವೂ

ಪೂಡ್ಲ್ ಎಂಬ ಗುಂಗುರುಗೂದಲಿನ ನಾಯಿಯು ಮೊದಲು ಯುರೋಪಿನಲ್ಲಿ ನೀರಿಗಿಳಿದು, ಬೇಟೆಗಾರರು ಕೆಡಹಿದ ಹಕ್ಕಿಗಳನ್ನು ಎತ್ತಿ ತರುತ್ತಿದ್ದ ದೊಡ್ಡ ತಳಿ. ಅದನ್ನು ಮಡಿಲಿಗೆ ಹಿಡಿಸುವಷ್ಟು ಕಿರಿದಾಗಿಸಿದವನು ಮನುಷ್ಯ. ಅಮೆರಿಕದ ಶ್ವಾನಸಂಘದ ನಿಯಮದಂತೆ ‘ಟಾಯ್’ ಪೂಡ್ಲಿನ ಎತ್ತರ 10 ಅಂಗುಲವನ್ನು ಮೀರಬಾರದು. ಅದಕ್ಕೂ ಚಿಕ್ಕದನ್ನು ‘ಟೀಕಪ್’ ಎಂದು ಕರೆಯುವುದು ವ್ಯಾಪಾರದ ಮಾತು.

ಶ್ರಾವಕನು ಇದನ್ನು ಸಾಕಬಹುದೇ? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು. ಅಂದಕ್ಕಾಗಿ ಈ ನಾಯಿಯ ಬಾಲವನ್ನು ಮೊಟಕುಗೊಳಿಸುವ ಹಳೆಯ ರೂಢಿ ಛೇದವಲ್ಲದೆ ಮತ್ತೇನು? ಆದರೆ ವ್ರತಿಕರ ಮನೆಯಲ್ಲಿ ಹೆಚ್ಚಿನ ಎಚ್ಚರ ಬೇಕಾದುದು ಕೊನೆಯದರಲ್ಲಿ. ಇಷ್ಟು ಸಣ್ಣ ಮರಿ ಕೆಲವೇ ಗಂಟೆ ಹಸಿದಿದ್ದರೂ ರಕ್ತದ ಸಕ್ಕರೆ ಇಳಿದು ನಡುಗೀತು, ಮೂರ್ಛೆ ಹೋದೀತು, ಸತ್ತೂ ಹೋದೀತು. ಅಷ್ಟಮಿ-ಚತುರ್ದಶಿಗಳಂದು ಒಲೆ ಉರಿಯದಿದ್ದರೂ, ಸೂರ್ಯಾಸ್ತದ ಮೇಲೆ ಅಡುಗೆಮನೆ ಮುಚ್ಚಿದರೂ ಅದರ ತಟ್ಟೆ ಬರಿದಾಗಕೂಡದು. ಪ್ರೋಷಧೋಪವಾಸವು ಸಂಕಲ್ಪ ಮಾಡಿದವನದು. ಮಹಾವೀರಸ್ವಾಮಿಯ ಪೂರ್ವಭವದ ಸಿಂಹವು ವ್ರತ ಹಿಡಿದುದುಂಟು. ಅದು ಉಪದೇಶ ಕೇಳಿ ತಾನಾಗಿ ಹಿಡಿದುದು.

ಇನ್ನು ಕೊಳ್ಳುವ ಮಾತು. ಇನ್ನೂ ಚಿಕ್ಕದು ಬೇಕೆಂಬ ನಮ್ಮ ಆಸೆಯೇ ಅಂತಹ ದುರ್ಬಲ ಮರಿಗಳನ್ನು ಹುಟ್ಟಿಸುವುದರಿಂದ ಕಾರಿತ-ಅನುಮೋದನೆಗಳ ದೋಷ ನಮಗೂ ತಗಲುವುದು. ಮನೆಯಲ್ಲಿ ಈಗಾಗಲೇ ಇರುವ ಜೀವದ ಪಾಲನೆ ಬೇರೆ, ಅದು ಕರ್ತವ್ಯವೇ. ಉಪವಾಸದಂದು ಅದಕ್ಕೆ ಉಣಿಸುವವರು ಯಾರೆಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬೇಕು.